ಹನ್ನೊಂದೂ ಕ್ಷೇಮ

ನನ್ನ ಸ್ವಭಾವದಲ್ಲಿ ಒಂದು ದೋಷವಿದೆ. ಯಾರಾದರೂ ಏನನ್ನಾದರೂ ‘ಸ್ವಲ್ಪ ನೋಡಿಕೊಂಡಿರಿ’ ಎಂದು ಹೇಳಿ ಹೋದರೆ ಆ ಕ್ಷಣದಿಂದ ನನ್ನ ನೆಮ್ಮದಿ ಹಾಳಾಗುತ್ತದೆ. ಸ್ವಂತ ವಸ್ತುಗಳ ವಿಷಯದಲ್ಲಿ ಹೀಗಿಲ್ಲ. ನನ್ನ ಊಟದ ಡಬ್ಬಿಯನ್ನು ಎಷ್ಟೋ ಸಲ ಬಸ್ಸಿನಲ್ಲಿ ಬಿಟ್ಟು ಬಂದಿದ್ದೇನೆ, ನನ್ನ ಚಪ್ಪಲಿಯನ್ನು ಗುಡಿಯ ಮುಂದೆ ಮರೆತು ಬರಿಗಾಲಲ್ಲೇ ಮನೆ ತಲುಪಿದ್ದೇನೆ. ಆದರೆ ಪರರ ವಸ್ತು ಎಂದರೆ ಮುಗಿಯಿತು. ಒಮ್ಮೆ ಗುಂತಕಲ್ಲು ಜಂಕ್ಷನ್ನಿನಲ್ಲಿ ಅಪರಿಚಿತರೊಬ್ಬರು ‘ಈ ಟ್ರಂಕು ನೋಡ್ತಿರ್ರಿ, ಚಾ ಕುಡಿದು ಬರ್ತೀನಿ’ ಎಂದು ಹೋದರು. ಅವರು ಚಹಾ ಕುಡಿದು, ಬೀಡಿ ಸೇದಿ, ಯಾರದೋ ಜೊತೆ ಮಾತಾಡಿ ಬರುವಷ್ಟರಲ್ಲಿ ನನ್ನ ರೈಲು ನನ್ನ ಕಣ್ಣೆದುರಿಗೇ ಹೊರಟುಹೋಯಿತು. ನಾನು ಟ್ರಂಕಿನ ಮೇಲೆ ಕೂತಿದ್ದೆ, ಏಳಲಿಲ್ಲ. ಅವರ ರೈಲು ಇನ್ನೂ ಬಂದಿರಲಿಲ್ಲ. ಇಂಥ ಮನುಷ್ಯನ ಕೈಗೆ ಯಾರೂ ಕೋಳಿಮರಿಗಳನ್ನು ಕೊಡಬಾರದು. ಕೊಟ್ಟರು. ಅದರ ಕಥೆ ಇದು.

ಎಪ್ಪತ್ತರ ದಶಕದ ಮಾತು. ಆಗ ನಾನು ಕಂಪ್ಲಿಯ ಹತ್ತಿರ, ಕಾಲುವೆಯ ಮಗ್ಗುಲಿಗಿದ್ದ ಒಂದು ಊರಿನಲ್ಲಿ ಪೋಸ್ಟ್ ಮಾಸ್ತರನಾಗಿದ್ದೆ. ರೈಸ್ ಮಿಲ್ಲಿನ ಸಾಹುಕಾರರ ಹಳೆಯ ಮನೆ. ಬೀದಿಯ ಕಡೆಯ ಕೋಣೆ ಅಂಚೆ ಕಚೇರಿ, ಅದರ ಹಿಂದಿನ ಎರಡು ಕೋಣೆಗಳಲ್ಲಿ ನನ್ನ ಮತ್ತು ಪಾರ್ವತಿಯ ಸಂಸಾರ, ಅದರ ಹಿಂದೆ ಹಿತ್ತಲು, ಹಿತ್ತಲಿನಾಚೆ ಭತ್ತದ ಗದ್ದೆ, ಗದ್ದೆಯಾಚೆ ಕಾಲುವೆಯ ಏರಿ. ನಾನು ಹೊಸಪೇಟೆಯ ಬಜಾರದಲ್ಲಿ ಹುಟ್ಟಿ ಬೆಳೆದವನು. ನಮ್ಮದು ಬಟ್ಟೆ ಅಂಗಡಿಯ ಮನೆತನ, ದಿನಾ ಲಿಂಗಪೂಜೆ ಆದ ಮೇಲೆಯೇ ತಿಂಡಿ. ಕೋಳಿಯ ಕೂಗನ್ನು ಕೇಳಿದ್ದೆನೇ ಹೊರತು ಕೋಳಿಯ ಮುಖವನ್ನು ಹತ್ತಿರದಿಂದ ನೋಡಿದವನಲ್ಲ.

ಆ ಊರು ಆಗ ಎದ್ದು ನಿಲ್ಲುತ್ತಿದ್ದ ಕಾಲ. ಕಾಲುವೆಗೆ ನೀರು ಬಂದ ಮೇಲೆ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾಗಿದ್ದವು. ಸಾಹುಕಾರರು ಜೀಪು ತಂದಿದ್ದರು, ಮಣ್ಣಿನ ಮಾಳಿಗೆಗಳ ಜಾಗದಲ್ಲಿ ಆರ್‌ಸಿಸಿ ಬಂದಿತ್ತು, ಚಹಾದಂಗಡಿಯಲ್ಲಿ ರೇಡಿಯೊ ಬಂದಿತ್ತು. ಆದರೆ ಈ ಸುಭಿಕ್ಷ ಮನುಷ್ಯರಿಗೆ ಮಾತ್ರ ಬಂದದ್ದಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಭತ್ತ ತಿಂದು ಇಲಿಗಳು ಕೊಬ್ಬಿದ್ದವು, ಇಲಿ ತಿಂದು ಹಾವುಗಳು, ಹಾವು ತಿಂದು ಮುಂಗುಸಿಗಳು. ಕಾಲುವೆಯ ಮೀನಿಗೆಂದು ಬಂದ ಹದ್ದುಗಳು ಇಲ್ಲೇ ಕಾಯಂ ಆಗಿದ್ದವು. ಏರಿಯ ಮೇಲೆ ಸಂಜೆ ಅಡ್ಡಾಡಲು ಹೋದಾಗ ಎದುರಾಗುತ್ತಿದ್ದ ಮುಂಗುಸಿಗಳು ನನ್ನನ್ನು ನೋಡಿ ಓಡುತ್ತಲೂ ಇರಲಿಲ್ಲ. ಹೊಟ್ಟೆ ತುಂಬಿದ ಗೃಹಸ್ಥರಂತೆ ನಿಧಾನವಾಗಿ ದಾರಿ ದಾಟುತ್ತಿದ್ದವು.

ನಮ್ಮ ಪಕ್ಕದ ಮನೆಯವಳು ಹುಲಿಗೆಮ್ಮ. ಗಂಡ ಇಲ್ಲ, ಇದ್ದೊಬ್ಬ ಮಗಳನ್ನು ಸಂಡೂರಿನ ಆ ಕಡೆ ಚೋರನೂರಿಗೆ ಕೊಟ್ಟಿದ್ದಳು. ನಾವು ಈ ಊರಿಗೆ ಬಂದ ಮೊದಲ ವರ್ಷ ಪಾರ್ವತಿ ಟೈಫಾಯ್ಡ್ ಆಗಿ ಮಲಗಿದಾಗ, ಯಾರೂ ಕೇಳದಿದ್ದರೂ ಮೂರು ವಾರ ನಮ್ಮ ಮನೆಗೆ ನೀರು ಹೊತ್ತವಳು, ಬಟ್ಟೆ ಒಗೆದವಳು ಈ ಹುಲಿಗೆಮ್ಮ. ಹೀಗಾಗಿ ಒಂದು ಬೆಳಿಗ್ಗೆ ಅವಳು ನಮ್ಮ ಹಿತ್ತಲ ಬಾಗಿಲಲ್ಲಿ ನಿಂತಾಗ, ಅವಳು ಏನು ಕೇಳಿದರೂ ಇಲ್ಲವೆನ್ನುವ ಸ್ಥಿತಿಯಲ್ಲಿ ನಾವಿರಲಿಲ್ಲ.

“ಚೊಚ್ಚಲ ಹೆರಿಗಿ ರೀ ಅಮ್ಮಾರ. ಇಲ್ಲಿಗೇ ಕರ್ಕೊಂಡು ಬರೋಣ ಅಂದ್ರ ಬಸ್ಸಿನ್ಯಾಗ ಕುಂದ್ರಿಸಬ್ಯಾಡ ಅಂದ್ರಂತ ಡಾಕ್ಟ್ರು. ನಾನ ಹೋಗಿ ಇರಬೇಕು, ಎರಡು ತಿಂಗಳು. ಆದ್ರ ಈ ಕೋಳಿದ ಒಂದು ಚಿಂತಿ ನೋಡ್ರಿ. ಮೊನ್ನೆ ಮೊನ್ನೆ ಮರಿ ಒಡದಾವು.”

“ಕೋಳಿ ಚಿಂತಿ ಬಿಡು ಹುಲಿಗೆವ್ವ,” ಎಂದಳು ಪಾರ್ವತಿ, ನನ್ನ ಕಡೆ ನೋಡದೆ. “ನಮ್ಮನಿಯವರು ಹಗಲೆಲ್ಲ ಮನ್ಯಾಗ ಇರ್ತಾರಲ್ಲ.”

ಅಂಚೆ ಕಚೇರಿ ಮನೆಯಲ್ಲೇ ಇದ್ದುದರಿಂದ ನಾನು ಮಾಡುವುದು ಕೆಲಸವೆಂದು ಪಾರ್ವತಿಗೆ ಎಂದೂ ಅನ್ನಿಸಿರಲಿಲ್ಲ. ಅಂಗಿ ತೊಟ್ಟುಕೊಂಡು ಬೀದಿಯ ಕಡೆಯ ಕೋಣೆಯಲ್ಲಿ ಕೂತಿರುತ್ತಾರೆ, ಅಷ್ಟೇ. ನಾನು ಮೆಲ್ಲಗೆ, “ನನಗ ಕೋಳಿ ಮುಟ್ಟಿ ಗೊತ್ತಿಲ್ಲ,” ಎಂದೆ. “ಮುಟ್ಟಬ್ಯಾಡ್ರಿ,” ಎಂದಳು ಹುಲಿಗೆಮ್ಮ ಬಹಳ ಸಮಾಧಾನದಿಂದ. “ನೋಡ್ಕೊಂಡಿದ್ರ ಸಾಕು. ಹೊತ್ತು ಮುಳುಗಿದ್ರ ತಾವ ಬುಟ್ಟಿಯಾಗ ಹೋಗ್ತಾವು.” ಅದೇ ಮಾತು. ನೋಡಿಕೊಂಡಿದ್ದರೆ ಸಾಕು. ಮಧ್ಯಾಹ್ನದ ಬಸ್ಸಿಗೆ ಅವಳು ಹೋದಳು. ನಮ್ಮ ಹಿತ್ತಲಿಗೆ ಒಂದು ಕೆಂಪು ಹೇಂಟೆ, ಹನ್ನೊಂದು ಮರಿ ಮತ್ತು ಒಂದು ದೊಡ್ಡ ಬಿದಿರು ಬುಟ್ಟಿ ಬಂದವು. ಅಡಿಗೆಮನೆಗೆ ಮತ್ತು ದೇವರ ಕೋಣೆಗೆ ಅವುಗಳಿಗೆ ಪ್ರವೇಶವಿಲ್ಲ ಎಂದು ಪಾರ್ವತಿ ಸಾರಿದಳು. ಹೇಳಿದ್ದು ನನಗೆ. ಕೋಳಿಗಳು ಕೇಳಿಸಿಕೊಳ್ಳಲಿಲ್ಲ.

ಮೊದಲ ಮೂರು ದಿನ ನಾನು ಸಂತೋಷವಾಗಿಯೇ ಇದ್ದೆ. ಕೋಳಿಮರಿ ಎಂಬುದು ಇಷ್ಟು ಚೆಂದ ಎಂದು ನನಗೆ ಯಾರೂ ಹೇಳಿರಲಿಲ್ಲ. ತಾಯಿ ಕೆದರುವುದು, ಮರಿಗಳು ನುಗ್ಗುವುದು, ಒಂದಕ್ಕೆ ಸಿಕ್ಕ ಹುಳುವಿಗಾಗಿ ಹತ್ತು ಮರಿಗಳು ಅದರ ಹಿಂದೆ ಓಡುವುದು. ಗಿರಾಕಿ ಇಲ್ಲದಾಗಲೆಲ್ಲ ನಾನು ಹಿತ್ತಲ ಬಾಗಿಲಿಗೆ ಹೋಗಿ ಎಣಿಸುತ್ತಿದ್ದೆ. ಓಡಾಡುವ ಮರಿಗಳನ್ನು ಎಣಿಸುವುದು ಸುಲಭವಲ್ಲ. ಕೆಲವು ಸಲ ಒಂಬತ್ತು ಬರುತ್ತಿತ್ತು, ಒಂದು ಸಲ ಹದಿಮೂರು ಬಂತು.

ನಾಲ್ಕನೆಯ ದಿನ ನಾನು ಒಂದು ರಿಜಿಸ್ಟರ್ ಪತ್ರಕ್ಕೆ ಮೊಹರು ಒತ್ತುತ್ತಿದ್ದೆ. ಹಿತ್ತಲಲ್ಲಿ ಹೇಂಟೆ ಅದುವರೆಗೆ ನಾನು ಕೇಳಿರದ ಒಂದು ಸ್ವರ ತೆಗೆಯಿತು. ಓಡಿ ಹೋಗಿ ನೋಡುವಷ್ಟರಲ್ಲಿ ಹದ್ದು ಬೇವಿನ ಮರದ ಎತ್ತರಕ್ಕೆ ಏರಿತ್ತು. ಅದರ ಕಾಲಿನಲ್ಲಿ ಒಂದು ಹಳದಿ ಚುಕ್ಕೆ. ನಾನು ಕೆಳಗಿನಿಂದ ‘ಏ! ಏ!’ ಎಂದೆ. ಆ ಗಳಿಗೆಯಲ್ಲಿ ನನ್ನಿಂದಾದದ್ದು ಅಷ್ಟೇ. ಕೌಂಟರಿನ ಕಿಟಕಿಯಲ್ಲಿ ಕಾಯುತ್ತಿದ್ದ ಮುದುಕ, “ಹದ್ದು ಒಯ್ತೇನ್ರಿ?” ಎಂದು ಕೇಳಿದ. ನಾನು ಅವನ ಕಾಗದಕ್ಕೆ ಎರಡು ಸಲ ಮೊಹರು ಒತ್ತಿದೆ. ಆ ಮಧ್ಯಾಹ್ನ ಊಟ ಸೇರಲಿಲ್ಲ.

ಅಂದಿನಿಂದ ನನ್ನ ಕಿಟಕಿಗೆ ಬಂದವರೆಲ್ಲ ಕಾರ್ಡು ಕವರಿನ ಜೊತೆಗೆ ಒಂದೊಂದು ಸಲಹೆ ಕೊಟ್ಟು ಹೋಗತೊಡಗಿದರು. ಅದೇ ಮುದುಕ ಮರುದಿನ ಬಂದು, ಸತ್ತ ಕಾಗೆಯೊಂದನ್ನು ಗಳಕ್ಕೆ ನೇತು ಹಾಕಿದರೆ ಹದ್ದು ಆ ಕಡೆ ಸುಳಿಯುವುದಿಲ್ಲ ಎಂದ. ಇದನ್ನು ಪಾರ್ವತಿಗೆ ಹೇಳಿದೆ. ಅವಳು ಎದ್ದು ಹೋಗಿ ದೇವರ ಕೋಣೆಯ ಬಾಗಿಲು ಮುಚ್ಚಿದಳು, ನಾನು ಆ ವಿಷಯ ಬಿಟ್ಟೆ. ಕಾಗೆಯ ಬದಲು ನನ್ನ ಹಳೆಯ ಕಪ್ಪು ಕೊಡೆಯನ್ನು ಅರ್ಧ ಬಿಚ್ಚಿ ಗಳದ ತುದಿಗೆ ಕಟ್ಟಿದೆ. ಗಾಳಿಗೆ ಅದು ಪಟಪಟನೆ ಬಡಿದುಕೊಂಡಿತು. ಹೇಂಟೆ ಹೆದರಿ ಒಂದು ಹೊತ್ತೆಲ್ಲ ಮರಿಗಳೊಂದಿಗೆ ಬುಟ್ಟಿಯ ಹಿಂದೆ ಅಡಗಿತು. ಹದ್ದು ಎರಡು ದಿನ ಮೇಲೆಯೇ ಸುತ್ತಿ, ಮೂರನೆಯ ದಿನ ಬಂದು ಅದೇ ಕೊಡೆಯ ಮೇಲೆ ಕೂತು, ಹಿತ್ತಲನ್ನು ಚೆನ್ನಾಗಿ ಪರಿಶೀಲಿಸಿ, ಇನ್ನೊಂದು ಮರಿಯನ್ನು ಒಯ್ದಿತು.

ಆಮೇಲೆ ಸುಬ್ಬಾರಾಯುಡು ಬಂದರು. ಆಂಧ್ರದ ಕರಾವಳಿಯಿಂದ ಬಂದು ಕಾಲುವೆಯಾಚೆ ಕ್ಯಾಂಪು ಕಟ್ಟಿಕೊಂಡು ಬೇಸಾಯ ಮಾಡುತ್ತಿದ್ದವರು. ಅವರ ಕ್ಯಾಂಪಿನಲ್ಲಿ ಕೋಳಿಗಳೇ ಕೋಳಿಗಳು. “ಏಮಂಡೀ ಮಾಸ್ಟರ್ ಗಾರೂ, ಕೊಡೆ ಕಟ್ಟಿದ್ರೆ ಹದ್ದು ಹೋಗ್ತದಾ? ನಾಯಿ ಇರಬೇಕಂಡಿ, ನಾಯಿ!” ಎಂದು ತಮ್ಮ ನಾಯಿಯನ್ನೇ ತಂದು ಬಿಟ್ಟರು. ಅದರ ಹೆಸರು ರಾಜ. ಕರಡಿಯಂತಿತ್ತು. ಕರಡಿಗಳಿರುವ ದರೋಜಿಯ ಗುಡ್ಡದಿಂದ ಇಳಿದು ಬಂದದ್ದೋ ಎಂದು ನನಗೇ ಒಂದು ಸಲ ಅನುಮಾನವಾಯಿತು. ರಾಜ ಹಿತ್ತಲಿಗೆ ಕಾಲಿಟ್ಟಿದ್ದೇ ತಡ, ಹೇಂಟೆ ರೆಕ್ಕೆ ಅಗಲಿಸಿ, ಪುಕ್ಕವೆಲ್ಲ ಕೆದರಿ, ಹಾರಿ ಅದರ ಮೂಗಿಗೇ ಕುಕ್ಕಿತು. ರಾಜ ಕುಂಯ್ಗುಟ್ಟುತ್ತ ಅಂಚೆ ಕಚೇರಿಗೆ ನುಗ್ಗಿ ನನ್ನ ಮೇಜಿನ ಕೆಳಗೆ ಮಲಗಿತು. ಸುಬ್ಬಾರಾಯುಡು ಅವರೇ ಬಂದು ಕರೆದೊಯ್ಯುವವರೆಗೆ, ಎರಡು ದಿನ, ಅದನ್ನು ಅಲ್ಲಿಂದ ಎಬ್ಬಿಸಲಾಗಲಿಲ್ಲ. ಊರಿನವರು ಕಿಟಕಿಯಿಂದ ದೂರ ನಿಂತೇ ಕೈ ಚಾಚಿ ಕಾರ್ಡು ಇಸಿದುಕೊಂಡರು.

ಹದ್ದಿಗೆ ಔಷಧ ಕಂಡುಹಿಡಿದವಳು ಪಾರ್ವತಿ. ಒಂದು ಮಧ್ಯಾಹ್ನ ಅವಳು ಅಕ್ಕಿ ಆರಿಸುತ್ತ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದಳು. ನೆಲದ ಮೇಲೆ ಹದ್ದಿನ ನೆರಳು ಹಾದುಹೋಯಿತು. ಹೇಂಟೆ ಕೂಗಿತು. ಮರಿಗಳು ದಿಕ್ಕೆಟ್ಟು ಅತ್ತಿತ್ತ ಓಡಿದವು. “ನೋಡ್ರಿ,” ಎಂದಳು, “ತಾಯಿ ಅಡಗ್ರಿ ಅಂತ ಹೇಳಾಕತ್ತೈತಿ. ಅವು ಎಲ್ಲಿ ಅಡಗಬೇಕು? ನಾ ಹಿತ್ತಲಾ ಹಿಂಗ ಬೋಳು ಬೋಳು ಇಟ್ಟೀನಿ.” ಆ ಹಿತ್ತಲು ಅವಳ ಹೆಮ್ಮೆ. ಒಂದು ಕಡ್ಡಿ ಇಲ್ಲದಂತೆ ದಿನಕ್ಕೆರಡು ಸಲ ಗುಡಿಸುತ್ತಿದ್ದಳು. ಆ ಸಂಜೆಯೇ ಅವಳು ಒಂದು ಗಾಡಿ ಬಳ್ಳಾರಿ ಜಾಲಿಯ ಮುಳ್ಳುಕಂಟಿ ತರಿಸಿ ಹಿತ್ತಲಲ್ಲಿ ಮೂರು ಕಡೆ ಒಟ್ಟಿಸಿದಳು. ಕೆಳಗೆ ಮರಿ ನುಸುಳುವಷ್ಟು ಜಾಗ, ಮೇಲೆ ಮುಳ್ಳು. ಮರುದಿನ ಹದ್ದು ಎರಗಿತು. ಮರಿಗಳೆಲ್ಲ ಒಂದೇ ಏಟಿಗೆ ಕಂಟಿಯ ಕೆಳಗೆ ಮಾಯ. ಹದ್ದು ಖಾಲಿ ಕಾಲಿನಲ್ಲಿ ಹೋಯಿತು. ನಾನು ಮುಳ್ಳು ಎಳೆದು ಹಾಕುವಾಗ ಹರಿದುಕೊಂಡ ಎರಡು ಧೋತರ ಬಿಟ್ಟರೆ ನಮಗೆ ಬೇರೆ ನಷ್ಟವಾಗಲಿಲ್ಲ.

ಇಷ್ಟರಲ್ಲಿ ಚೋರನೂರಿನಿಂದ ಕಾರ್ಡು ಬಂತು. ಹುಲಿಗೆಮ್ಮ ಯಾರ ಕೈಯಲ್ಲೋ ಬರೆಸಿದ್ದಳು. ಮಗಳು ಚೆನ್ನಾಗಿದ್ದಾಳೆ, ದಿನ ಹತ್ತಿರ ಬಂದಿದೆ, ಕೋಳಿಗಳು ಹೇಗಿವೆ? ನಾನು ಉತ್ತರ ಬರೆಯಲು ಕೂತೆ. ‘ಒಂಬತ್ತು’ ಎಂದು ಬರೆಯಬೇಕಿತ್ತು. ಹೆರಿಗೆಯ ಮನೆಯಲ್ಲಿರುವವಳಿಗೆ ಕೆಟ್ಟ ಸುದ್ದಿ ಯಾಕೆ ಎಂದುಕೊಂಡೆ. ಓದು ಬಾರದವರ ಕಾಗದಗಳನ್ನು ಬರೆದುಕೊಡುವ ನನಗೆ ಇಂಥ ಸುಳ್ಳುಗಳ ಅಭ್ಯಾಸವಿತ್ತು. ಜ್ವರದಲ್ಲಿ ನಡುಗುತ್ತಿರುವ ತಾಯಿ ‘ಆರಾಮ ಅದೀನಿ ಅಂತ ಬರೀರಿ’ ಎನ್ನುತ್ತಿದ್ದಳು, ನಾನು ಬರೆಯುತ್ತಿದ್ದೆ. ಈ ಸಲ ಯಾರೂ ಹೇಳದಿದ್ದರೂ ಬರೆದೆ: ‘ಹನ್ನೊಂದೂ ಕ್ಷೇಮ.’ ಡಬ್ಬಿಗೆ ಹಾಕುವಾಗ ಕೈ ಸ್ವಲ್ಪ ತಡೆಯಿತು. ಆದರೆ ಆ ಡಬ್ಬಿಯನ್ನು ತೆರೆಯುವವನೂ ನಾನೇ ಆದ್ದರಿಂದ, ಬೇಕಾದರೆ ಸಂಜೆ ತೆಗೆದುಕೊಳ್ಳಬಹುದು ಎಂದು ಸಮಾಧಾನ ಹೇಳಿಕೊಂಡೆ. ಸಂಜೆ ತೆಗೆಯಲಿಲ್ಲ.

ಅದರ ಮರುವಾರ ಮುಂಗುಸಿ ಬಂತು. ಬಚ್ಚಲ ನೀರು ಗದ್ದೆಗೆ ಹೋಗುವ ಗೋಡೆಯ ತೂತಿನಿಂದ ಅದು ಹಿತ್ತಲಿಗೆ ಬರುತ್ತಿತ್ತು. ಮುಳ್ಳುಕಂಟಿ ಅದಕ್ಕೆ ಮನೆಯಿದ್ದಂತೆ. ಎರಡು ದಿನ ಎರಡು ಮರಿ. ಮೂರನೆಯ ದಿನ ಬೆಳಿಗ್ಗೆ ಹೇಂಟೆ ಕೂಗಿದ್ದೇ ನಾನು ಕೂತಲ್ಲಿಂದ ಎದ್ದು ಓಡಿದೆ. ಕೈಯಲ್ಲಿ ಏನಿದೆ ಎಂಬ ಪರಿವೆ ಇರಲಿಲ್ಲ. ಕಂಟಿಯ ಪಕ್ಕದಲ್ಲಿ ಮುಂಗುಸಿ ಹಿಂಗಾಲ ಮೇಲೆ ನಿಂತು ನನ್ನನ್ನೇ ನೋಡುತ್ತಿತ್ತು. ಕೈಯಲ್ಲಿದ್ದದ್ದನ್ನು ಬೀಸಿ ಎಸೆದೆ. ಅದು ತೂತಿನಿಂದ ಪಾರಾಯಿತು. ಅದರ ಬೆನ್ನಿಗೇ ನಾನು ಎಸೆದದ್ದೂ ಅದೇ ತೂತಿನಿಂದ ಗದ್ದೆಯ ಕೆಸರಿಗೆ ಹೋಯಿತು. ಎಸೆದದ್ದು ಸರಕಾರದ ತಾರೀಖಿನ ಮೊಹರು ಎಂದು ಆಗ ಗೊತ್ತಾಯಿತು. ಟಪಾಲು ಚೀಲ ಒಯ್ಯುವ ಬಸ್ಸಿಗೆ ಒಂದು ತಾಸು ಉಳಿದಿತ್ತು. ನಾನು ಧೋತರ ಎತ್ತಿ ಕಟ್ಟಿ, ನಾಟಿ ಮಾಡುವವನಂತೆ ಬಗ್ಗಿ, ಮೊಣಕೈವರೆಗೆ ಕೆಸರಲ್ಲಿ ತಡಕಿದೆ. ಏರಿಯ ಮೇಲೆ ಹೋಗುವವರೆಲ್ಲ ನಿಂತು ನೋಡಿದರು. ಅಂತೂ ಸಿಕ್ಕಿತು. ಅಂದಿನ ಕಾಗದಗಳೆಲ್ಲ ಸ್ವಲ್ಪ ಮಣ್ಣಿನ ವಾಸನೆಯೊಂದಿಗೇ ಊರು ಬಿಟ್ಟವು. ಆಮೇಲೆ ತಿಂಗಳುಗಟ್ಟಲೆ ಜನ ಕಿಟಕಿಯಲ್ಲಿ ಇಣುಕಿ ಕೇಳುತ್ತಿದ್ದರು: “ಮಾಸ್ತರ್ರ, ಮುಂಗುಸಿಗೆ ಮೊಹರು ಹೊಡದ್ರಂತ? ಯಾವ ಊರಿಗೆ ಕಳಿಸಿದ್ರಿ?”

ತೂತಿಗೆ ತಂತಿಯ ಜಾಲರಿ ಹೊಡೆದು, ಸುತ್ತ ಕಲ್ಲು ಜಡಿದೆ. ಅಷ್ಟಕ್ಕೇ ನಂಬಿಕೆ ಬರಲಿಲ್ಲ. ಕುರ್ಚಿಯನ್ನೂ ಕಾಗದದ ಕಟ್ಟುಗಳನ್ನೂ ಹಿತ್ತಲ ಬಾಗಿಲಿಗೆ ತಂದುಕೊಂಡು, ತೊಡೆಯ ಮೇಲೆ ಬಿದಿರಿನ ಗಳ ಇಟ್ಟುಕೊಂಡು ಟಪಾಲು ವಿಂಗಡಿಸತೊಡಗಿದೆ. ಊರಿನವರು ಬೀದಿಯ ಕಿಟಕಿ ಬಿಟ್ಟು ಪಕ್ಕದ ಸಂದಿಯಿಂದ ಹಿತ್ತಲಿಗೇ ಬಂದು ಕಾರ್ಡು ಕೊಂಡರು. ಬಂದವರು ಒಂದು ಗಳಿಗೆ ಕೂತು ಮರಿ ನೋಡಿಯೇ ಹೋದರು. ಉಳಿದ ಏಳರಲ್ಲಿ ಆಮೇಲೆ ಒಂದೂ ಹೋಗಲಿಲ್ಲ. ಆದರೆ ಏಳೆಂದರೆ ಏಳೇ. ಅಷ್ಟರಲ್ಲಿ ಎರಡನೆಯ ಕಾರ್ಡು ಬಂತು: ಗಂಡುಕೂಸು ಹುಟ್ಟಿದೆ, ತಾಯಿ ಮಗು ಆರಾಮ, ಕೋಳಿಗಳು ಹೇಗಿವೆ? ಮೊದಲ ಸುಳ್ಳು ಬರೆದವನಿಗೆ ಎರಡನೆಯದು ಬರೆಯುವಾಗ ಆಯ್ಕೆಯೇ ಇರುವುದಿಲ್ಲ. ‘ಹನ್ನೊಂದೂ ಕ್ಷೇಮ, ದಪ್ಪ ಆಗಿವೆ’ ಎಂದು ಬರೆದೆ. ಬರೆದ ಮೇಲೆ ನಾಲ್ಕು ಮರಿಗಳನ್ನು ಎಲ್ಲಿಂದಾದರೂ ತರಲೇಬೇಕಾಯಿತು.

ಒಂದು ರವಿವಾರ, ಪಾರ್ವತಿಗೆ ಗಡಿಯಾರ ರಿಪೇರಿ ಎಂದು ಹೇಳಿ, ಕಂಪ್ಲಿಗೆ ಹೋದೆ. ಅಷ್ಟೇ ವಯಸ್ಸಿನ, ಅದೇ ಬಣ್ಣದ ನಾಲ್ಕು ಮರಿಗಳನ್ನು ಹುಡುಕಿ, ಬಟ್ಟೆಯ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ತೊಡೆಯ ಮೇಲೆ ಚಿಂವ್‌ಗುಟ್ಟುವ ಚೀಲ. ಕಂಡಕ್ಟರ್ ಗುರುತಿನವನು.

“ಮಾಸ್ತರ್ರ, ಚೀಲದಾಗ ಏನ್ರಿ?”

“ಅಲಾರಂ ಗಡಿಯಾರ. ರಿಪೇರಿ ಮಾಡಿಸ್ಕೊಂಡು ಹೊಂಟೀನಿ.”

ಅವನು ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದ. “ರಿಪೇರಿ ಛಲೋ ಆಗಿಲ್ಲ ಬಿಡ್ರಿ,” ಎಂದ. “ನಾಕು ನಾಕು ಸಲ ಬಡೀತೈತಿ.”

ಬಸ್ಸಿಗೆ ಬಸ್ಸೇ ನಕ್ಕಿತು. ನಾನು ಕಿಟಕಿಯಿಂದ ಹೊರಗೆ ಕಬ್ಬಿನ ಗದ್ದೆಗಳನ್ನು ಬಹಳ ಆಸಕ್ತಿಯಿಂದ ನೋಡಿದೆ.

ಮನೆಗೆ ಬಂದು ಸದ್ದಿಲ್ಲದೆ ನಾಲ್ಕನ್ನೂ ಏಳರ ನಡುವೆ ಬಿಟ್ಟೆ. ನನಗೆ ಎಣಿಕೆ ಕಷ್ಟ, ಹೇಂಟೆಗೆ ಅದು ಕಷ್ಟವಲ್ಲವೆಂದು ಆಗ ತಿಳಿಯಿತು. ಅದು ಒಂದು ಕಣ್ಣಿನಿಂದ ನೋಡಿತು, ಇನ್ನೊಂದು ಕಣ್ಣಿನಿಂದ ನೋಡಿತು, ಹೊಸ ನಾಲ್ಕನ್ನೂ ಕುಕ್ಕಿ ಕುಕ್ಕಿ ಓಡಿಸಿತು. ಅವು ಓಡಿ ಬಂದು ನನ್ನ ಕುರ್ಚಿಯ ಕೆಳಗೆ ಸೇರಿದವು. ಬೇರೆ ದಾರಿಯಿಲ್ಲದೆ ನಾನೇ ಅವಕ್ಕೆ ಬೇರೆಯಾಗಿ ನುಚ್ಚು ಹಾಕಿದೆ. ರಾತ್ರಿಗೆ ಬೇರೆ ಬುಟ್ಟಿ ಮಾಡಿದೆ. ವಾರದೊಳಗೆ ನಾನು ಎದ್ದರೆ ಅವು ಎದ್ದವು, ನಾನು ನಡೆದರೆ ಸಾಲಾಗಿ ಹಿಂದೆ ನಡೆದವು. ಪಾರ್ವತಿ ಇದನ್ನೆಲ್ಲ ನೋಡುತ್ತಲೇ ಇದ್ದಳು. ಒಂದು ದಿನ ಮಾತ್ರ, “ಗಡಿಯಾರ ಛಲೋ ನಡ್ಯಾಕತ್ತಾವ ಬಿಡ್ರಿ,” ಎಂದಳು.

ಎರಡು ತಿಂಗಳು ತುಂಬಿದ ಮೇಲೆ ಹುಲಿಗೆಮ್ಮ ಮಧ್ಯಾಹ್ನದ ಬಸ್ಸಿಗೆ ಬಂದಳು. ಗಂಟು ಇಳಿಸಿ, ಪಾರ್ವತಿಗೆ ಮೊಮ್ಮಗನ ಮೂಗು ಕಣ್ಣು ಎಲ್ಲ ವರ್ಣಿಸಿ, ಆಮೇಲೆ ಹಿತ್ತಲಿಗೆ ಬಂದು ಕುಕ್ಕರಗಾಲಲ್ಲಿ ಕೂತಳು. ಬೆರಳು ಮಡಿಚುತ್ತ ಎಣಿಸಿದಳು. ಹನ್ನೊಂದು. ನನ್ನ ಮುಖ ನೋಡಿದಳು. ನಾನು ಗಂಭೀರವಾಗಿ ನಿಂತಿದ್ದೆ. ಅವಳು ಒಂದು ಹಿಡಿ ನುಚ್ಚು ಚೆಲ್ಲಿ “ಬಾ ಬಾ ಬಾ” ಎಂದಳು. ಹೇಂಟೆ ಕೊಕ್ಕೊಕ್ಕೆಂದು ಕರೆಯಿತು. ಏಳು ಮರಿಗಳು ಓಡಿ ಅದರ ಸುತ್ತ ನೆರೆದವು. ನಾಲ್ಕು ಮರಿಗಳು ಓಡಿ ಬಂದು ನನ್ನ ಪಾದದ ಸುತ್ತ ನಿಂತು, ತಲೆಯೆತ್ತಿ ನನ್ನನ್ನೇ ನೋಡಿದವು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವೂ ಸರಿದವು. ಪಾರ್ವತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

“ತಪ್ಪಾತು ಹುಲಿಗೆವ್ವ,” ಎಂದೆ. ಹದ್ದು, ಕೊಡೆ, ಮುಂಗುಸಿ, ಮೊಹರು, ಕಂಪ್ಲಿ, ಎಲ್ಲ ಹೇಳಿದೆ. 

ಅವಳಿಗೆ ನಗು ತಡೆಯಲಾಗಲಿಲ್ಲ. “ಮೊದಲ್ನೇ ಕಾರ್ಡು ಓದಿಸಿದಾಗ್ಲೇ ತಿಳೀತ್ರಿ ನಮಗ! ಮಗಳ ಅತ್ತಿ ಅಂದ್ಲು, ‘ಹನ್ನೊಂದಕ್ಕ ಹನ್ನೊಂದೂ ಉಳದಾವಂತ? ಯಾರವ್ವಾ ಇದನ್ನ ಬರದಾಂವ?’ ನಾ ಅಂದೆ, ‘ಪಾಪ, ನಮ್ಮ ಮಾಸ್ತರು, ಕೋಳಿ ಸಾಕಿ ಗೊತ್ತಿಲ್ಲ ಅವರಿಗೆ’ ಅಂತ. ಬಯಲಾಗ ಬಿಟ್ಟ ಕೋಳಿ ಹದ್ದಿಗೊಂದು ಮುಂಗುಸಿಗೊಂದು ಹೋಗಾವ ರೀ. ನನ್ನ ಕೈಯಾಗ ಇದ್ದಿದ್ರ ಐದು ಉಳೀತಿದ್ವು. ನೀವು ಏಳು ಉಳಿಸೀರಿ, ಭಾಳ ಆತು!”

ಎರಡು ತಿಂಗಳು ನಾನು ನಿದ್ದೆಗೆಟ್ಟದ್ದು ಇಷ್ಟಕ್ಕೆ. ಅವಳು ತನ್ನ ಹೇಂಟೆಯನ್ನೂ ಏಳು ಮರಿಗಳನ್ನೂ ಬುಟ್ಟಿಯಲ್ಲಿ ತುಂಬಿಕೊಂಡಳು. ನಾಲ್ಕನ್ನೂ ಹಿಡಿಯಲು ನೋಡಿದಳು, ಅವು ನನ್ನ ಧೋತರದ ಹಿಂದೆ ನುಸುಳಿದವು. “ಇವು ನಿಮ್ಮವ ರೀ, ಇಲ್ಲೇ ಇರ್ಲಿ,” ಎಂದಳು. ಬಟ್ಟೆ ಅಂಗಡಿಯ ಮನೆತನದವನಾದ ನಾನು ಹೀಗೆ ಕೋಳಿ ಸಾಕುವವನಾದೆ. ಒಳಗಿನಿಂದ ಪಾರ್ವತಿ ಬೇಡವೆನ್ನುತ್ತಾಳೆಂದು ಕಾದೆ. ಅವಳು ಒಂದು ಹಳೆಯ ಬೋಗುಣಿಯಲ್ಲಿ ಅವಕ್ಕೆ ನೀರು ತಂದಿಟ್ಟಳು.

ಹೊರಡುವ ಮುಂಚೆ ಹುಲಿಗೆಮ್ಮ, “ಮುಟ್ಟಿದೆ ಅಂತ ಮಗಳಿಗೆ ಒಂದು ಕಾರ್ಡು ಹಾಕ್ರಿ,” ಎಂದಳು. ನಾನು ಕಾರ್ಡು ತೆಗೆದು ಕೂತೆ. ಅವಳು ಹೇಳಿದಳು, ನಾನು ಬರೆದೆ. ಸುಖವಾಗಿ ಬಂದು ಮುಟ್ಟಿದೆ. ಕೂಸಿಗೆ ತಲೆಗೆ ಬಿಸಿಲು ತಾಗಿಸಬೇಡ. ಕೋಳಿ ಏಳು ಇವೆ.

“ಇನ್ನು ನಾಕನ್ನ,” ಎಂದಳು ಹುಲಿಗೆಮ್ಮ, “ಮಾಸ್ತರ ಹಡದಾರ ಅಂತ ಬರೀರಿ.”

ಪೆನ್ನು ನಿಂತಿತು. ನಾನು ತಲೆಯೆತ್ತಿ ನೋಡಿದೆ. ಅವಳು ನಗುತ್ತಿರಲಿಲ್ಲ. “ಬರೀರಿ, ಖರೇನ ಐತಲ್ಲ?” ಎಂದಳು. ಪಾರ್ವತಿ ಬಾಗಿಲಿಗೆ ಬಂದು, “ಬಾಣಂತಿ ನಗಲಿ, ಬರೀರಿ,” ಎಂದಳು. ಊರಿನವರು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆಂದು ನಾನು ಅಲ್ಲಿಯವರೆಗೆ ಎಲ್ಲರೆದುರು ಹೇಳಿಕೊಂಡು ತಿರುಗಿದವನು. ಬರೆದೆ. ನನ್ನ ಅಕ್ಷರ ದುಂಡಗಿದೆ, ಚೋರನೂರಿನಲ್ಲಿ ಯಾರು ಬೇಕಾದರೂ ತಡವರಿಸದೆ, ಗಟ್ಟಿಯಾಗಿ ಓದಬಹುದು.